ಕುಡಿದಾಗ ಬರುತ್ತಿದ್ದ ತೆಲುಗು

ಕುಡಿದಾಗ ನಾನು ತೆಲುಗು ಮಾತಾಡುತ್ತಿದ್ದೆ. ಇದು ಕೇಳಿದವರು ಹೇಳಿದ್ದು. ನನಗೆ ಒಂದಕ್ಷರವೂ ನೆನಪಿಲ್ಲ. ಎಚ್ಚರದಲ್ಲಿದ್ದಾಗ ನನ್ನ ತೆಲುಗು ಅಷ್ಟಕ್ಕಷ್ಟೆ. ಬಳ್ಳಾರಿಯ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೌಕಾಸಿ ಮಾಡುವುದಕ್ಕೆ ಸಾಲುತ್ತಿತ್ತು, ಅದರಾಚೆಗೆ ಹೋದರೆ ನಾಲಿಗೆ ತೊಡರುತ್ತಿತ್ತು. ಆದರೆ ಎರಡು ಚರಿಗೆ ಸೇಂದಿ ಹೊಟ್ಟೆಗೆ ಇಳಿಯಿತೆಂದರೆ ಸಾಕು, ಕನ್ನಡ ಎತ್ತಲೋ ಹೋಗಿ, ಬಾಯಿಂದ ಅಚ್ಚುಕಟ್ಟಾದ, ಬಹಳ ಮರ್ಯಾದೆಯ ತೆಲುಗು ಹೊರಡುತ್ತಿತ್ತಂತೆ. ಎಲ್ಲರಿಗೂ 'ಮೀರು', ಅಂದರೆ ನೀವು; ಎಲ್ಲರಿಗೂ 'ಅಂಡಿ', ನಮ್ಮ 'ರೀ' ಇದ್ದ ಹಾಗೆ. ನಮ್ಮ ಓಣಿಯ ಕುಂಟ ನಾಯಿಗೆ "ದಯಚೇಸಿ ಕೂರ್ಚೋಂಡಿ" ಎಂದು ಹೇಳಿ, ಅದು ಕೂರುವ ತನಕ ಕೈಮುಗಿದುಕೊಂಡು ನಿಂತಿದ್ದೆನಂತೆ. ನಾಯಿ ಕೂತಿತಂತೆ ಕೂಡ.

ನನ್ನನ್ನು ಐದು ವರ್ಷದವರೆಗೆ ಸಾಕಿದವಳು ಆದವಾನಿ ಕಡೆಯ ಅಜ್ಜಿ. ಅವಳ ಮನೆಯಲ್ಲಿ ಕೂಸಿಗೂ ಬಹುವಚನವೇ. ಅವಳು ಹೋದ ಮೇಲೆ ನಾನು ಆ ಭಾಷೆಯನ್ನು ಪೂರ್ತಿ ಮರೆತೆ ಅಂದುಕೊಂಡಿದ್ದೆ. ಅದು ಒಳಗೆಲ್ಲೋ ಕೂತು, ಸೇಂದಿ ಬರುವುದನ್ನೇ ಕಾಯುತ್ತಿತ್ತು ಎಂದು ಕಾಣುತ್ತದೆ.

ಕುಡಿದು ಹೆಂಡತಿಗೆ ಹೊಡೆಯುವವರು ನಮ್ಮ ಓಣಿಯಲ್ಲಿ ಇದ್ದರು. ನಾನು ಹಾಗಲ್ಲ. ತೂರಾಡುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ಕೂತು ಬಂದವರನ್ನೆಲ್ಲ ತೆಲುಗಿನಲ್ಲಿ ಬರಮಾಡಿಕೊಳ್ಳುತ್ತಿದ್ದೆ. ಅದಕ್ಕೇ, ನನ್ನದೂ ಒಂದು ಕುಡಿತವೇ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ಹೆಂಡತಿ ಒಲೆಯ ಮುಂದೆ ಆರಿದ ಅನ್ನ ಇಟ್ಟುಕೊಂಡು ಕಾಯುತ್ತಿದ್ದಳು, ನಾನು ಅವಳಿಗೆ "ತಾವು ಯಾರ ಪೈಕಿ ತಾಯೀ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದೆನಂತೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಚಟ ಹತ್ತಿದ್ದು ಹತ್ತೊಂಬತ್ತನೆಯ ವಯಸ್ಸಿಗೆ. ಬಳ್ಳಾರಿಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಲಗ್ನಪತ್ರಿಕೆ, ನಾಟಕದ ಹಸ್ತಪತ್ರಿಕೆ, ಎಲ್ಲ ಎರಡೆರಡು ಭಾಷೆಯಲ್ಲಿ. ಅಚ್ಚಿನ ಅಕ್ಷರದ ಮೊಳೆ ಅಂದರೆ ಸೀಸ. ಸೀಸದ ಧೂಳು ಎದೆಗೆ ಇಳಿಯುತ್ತದೆ, ಸಂಜೆ ಒಂದು ಚರಿಗೆ ಸೇಂದಿ ಕುಡಿದರೆ ಎಲ್ಲ ತೊಳೆದುಹೋಗುತ್ತದೆ ಎಂದು ಜೊತೆಯ ಹುಡುಗರು ಹೇಳಿದರು. ಔಷಧಿ ಅಂತಲೇ ಶುರುಮಾಡಿದೆ. ಮೊದಲು ಶನಿವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಲೆಕ್ಕ ಬಿಟ್ಟೆ. ಸೀಸ ಎಷ್ಟು ತೊಳೆಯಿತೋ ಕಾಣೆ, ನನ್ನನ್ನಂತೂ ಚೆನ್ನಾಗಿ ತೊಳೆಯಿತು.

ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು; ಅಷ್ಟರಲ್ಲಿ ಮದ್ರಾಸ್ ಸರ್ಕಾರ ನಮ್ಮ ಜಿಲ್ಲೆಯಲ್ಲಿ ಕುಡಿತಕ್ಕೆ ನಿಷೇಧ ಹಾಕಿತು. ಸೇಂದಿ ಅಂಗಡಿಗಳೆಲ್ಲ ಬಾಗಿಲು ಹಾಕಿದವು. "ಕುಡಿತ ಬಿಡಿ, ಮನೆ ಉಳಿಸಿ" ಎಂಬ ಹಸ್ತಪತ್ರಿಕೆಯ ಮೊಳೆಗಳನ್ನು ಜೋಡಿಸಿದವನು ಸಾಕ್ಷಾತ್ ನಾನೇ. ಕೈ ನಡುಗುತ್ತಿತ್ತು, ಬಾಯಿ ಒಣಗುತ್ತಿತ್ತು, ಆದರೂ ಒಂದು ಅಕ್ಷರ ತಪ್ಪಲಿಲ್ಲ. ಸಂಜೆ ಐದಕ್ಕೆ ಪ್ರೆಸ್ಸು ಬಿಟ್ಟ ಮೇಲೆ ಕೌಲ್ ಬಜಾರಿನ ಹಿಂದೆ ಕದ್ದುಮುಚ್ಚಿ ಏನೇನೋ ಕುಡಿಯುತ್ತಿದ್ದೆ. ಅದನ್ನು ಕುಡಿದು ಇನ್ನೂ ಬದುಕಿದ್ದೇನೆ ಅನ್ನುವುದೇ ದೊಡ್ಡದು.

ಆಮೇಲೆ ಸಿರುಗುಪ್ಪದ ದಾರಿ ಗೊತ್ತಾಯಿತು. ಸಿರುಗುಪ್ಪದ ಹತ್ತಿರ ಹೊಳೆ ದಾಟಿದರೆ ಮೊನ್ನೆ ಮೊನ್ನೆಯವರೆಗೂ ನಿಜಾಮನದಾಗಿದ್ದ ಸೀಮೆ. ಅಲ್ಲಿ ಮದ್ರಾಸ್ ಸರ್ಕಾರದ ಕಾಯಿದೆ ನಡೆಯುತ್ತಿರಲಿಲ್ಲ. ಈ ದಂಡೆಯಲ್ಲಿ ಕುಡಿದರೆ ಕಳ್ಳ, ಆ ದಂಡೆಯಲ್ಲಿ ಕುಡಿದರೆ ಗಿರಾಕಿ. ಹೊಳೆಯಾಚೆ ನಿಜಾಮನ ಆಳ್ವಿಕೆ ಮುಗಿದಾಗಿನ ಗಲಾಟೆಗಳೆಲ್ಲ ತಣ್ಣಗಾದ ಮೇಲೆ ಭಾನುವಾರ ಬಂತೆಂದರೆ ಬಳ್ಳಾರಿಯ ಬಸ್ಸಿನಲ್ಲಿ ನನ್ನಂಥ ಹತ್ತು ಹದಿನೈದು ಮಂದಿ ಹರೆಯದವರು, ಒಬ್ಬರ ಮುಖ ಒಬ್ಬರು ನೋಡದೆ, ಸಿರುಗುಪ್ಪಕ್ಕೆ ಹೊರಡುತ್ತಿದ್ದೆವು.

ಹೊಳೆ ದಾಟಿಸುವವನು ಒಬ್ಬ ಮುದುಕ. ಅವನ ಹರಿಗೋಲಿಗೆ ಒಂದೇ ನಿಯಮ. "ಹೋಗಾಕ ನಿಂತು ಬರ್ರಿ, ಕುಂತು ಬರ್ರಿ, ನಿಮ್ಮಿಷ್ಟ. ತಿರುಗಿ ಬರಾಕ ಮಾತ್ರ ಮಕ್ಕೊಂಡ ಬರಬೇಕು ನೋಡ್ರಿ" ಅನ್ನುತ್ತಿದ್ದ. ಕುಡಿದವನು ನಡುಹೊಳೆಯಲ್ಲಿ ಎದ್ದು ನಿಂತರೆ ಹರಿಗೋಲು ಮಗುಚುತ್ತದೆ ಎಂದು ಅವನ ಹೆದರಿಕೆ. ಹಾಗಾಗಿ ಸಂಜೆ ಎಂಟು ಜನರನ್ನು ತಲೆ ನಡುವಿಗೆ, ಕಾಲು ಅಂಚಿಗೆ ಮಾಡಿ ದುಂಡಗೆ ಮಲಗಿಸಿ, ನಮ್ಮ ನಡುವೆ ತಾನೊಬ್ಬ ನಿಂತು ಹುಟ್ಟು ಹಾಕುತ್ತಿದ್ದ. ಅಲ್ಲಿ ಮಲಗಿ ಆಕಾಶ ನೋಡಿದ್ದು ಮಾತ್ರ ನೆನಪಿದೆ. ಉಳಿದವರು ಹೇಳುವಂತೆ ನಾನು ಆಕಾಶಕ್ಕೂ 'ಮೀರು' ಅನ್ನುತ್ತಿದ್ದೆ.

ಮನೆಯಲ್ಲಿ ಹೇಳುವುದಕ್ಕೆ ಒಂದು ನೆವ ಬೇಕಲ್ಲ. ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯ ಬಗಲಿಗೆ, ನನ್ನ ಚಿಕ್ಕವ್ವನ ಮನೆ ಇತ್ತು. ಅವಳಿಗೆ ಕಾಯಿಲೆ ತಂದುಬಿಟ್ಟೆ. ಮೊದಲ ಭಾನುವಾರ ಮೊಣಕಾಲು ನೋವು, ಆಮೇಲೆ ಉಬ್ಬಸ, ಅದರ ಮೇಲೆ ಕಾಮಾಲೆ. ಹೀಗೆ ಪ್ರತಿ ವಾರ ಬೇನೆ ಏರಿಸುತ್ತಾ ಹೋಗಿ, ಕಡೆಗೆ "ಚಿಕ್ಕವ್ವ ಉಳಿಯೋದು ಕಷ್ಟ ಐತಿ" ಅಂದೆ. ಹೆಂಡತಿ ಆಗ ಬಸುರಿ. ಪಾಪ, ಚಿಕ್ಕವ್ವನಿಗೆಂದು ಬಿಸಿ ಸಾರಿನ ಪುಡಿ ಕುಟ್ಟಿ ಕಳಿಸುತ್ತಿದ್ದಳು. ಅದನ್ನು ನಾವು ಆ ದಂಡೆಯಲ್ಲಿ ಸೇಂದಿಯ ಜೊತೆ ನೆಂಜಿಕೊಳ್ಳುತ್ತಿದ್ದೆವು.

ಒಂದು ಭಾನುವಾರ ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ಅದೇ ಹೊತ್ತಿಗೆ ಚಿಕ್ಕವ್ವ ಸಿರುಗುಪ್ಪದಲ್ಲಿ ಬಳ್ಳಾರಿಯ ಬಸ್ಸು ಹತ್ತಿದಳು. ತಲೆಯ ಮೇಲೆ ಹೊಸ ಅಕ್ಕಿಯ ಚೀಲ ಹೊತ್ತು, ನಿಲ್ದಾಣದಿಂದ ನಮ್ಮ ಮನೆಯವರೆಗೆ ಒಂದು ಕಡೆಯೂ ಇಳಿಸದೆ ನಡೆದು ಬಂದಳಂತೆ. ಸಾಯಲು ಬಿದ್ದವಳು ಹೀಗೆ ಹೊಸ್ತಿಲಲ್ಲಿ ಬಂದು ನಿಂತದ್ದನ್ನು ನೋಡಿ ನನ್ನ ಹೆಂಡತಿ ಮೊದಲು ಹೆದರಿದಳಂತೆ, ಆಮೇಲೆ ಎಲ್ಲ ತಿಳಿಯಿತಂತೆ. ಸಂಜೆ ನಾನು ಮನೆಗೆ ಬಂದಾಗ ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು. ನಾನು ಚಿಕ್ಕವ್ವನಿಗೆ ಕೈಮುಗಿದು, "ಅಮ್ಮಾ, ಮೀರು ಎಪ್ಪುಡು ವಚ್ಚಾರಂಡಿ?" ಎಂದು, ಯಾವಾಗ ಬಂದಿರಿ ಎಂದು, ಬಹಳ ವಿನಯದಿಂದ ವಿಚಾರಿಸಿದೆನಂತೆ.

"ನೀ ನನ್ನ ಸುಡಾಕ ಹೋಗಿದ್ಯಲ್ಲೋ ಭಾಡ್ಯಾ, ಅದಕ್ಕ ಮೊದಲ ನಾನ ಬಂದೆ" ಎಂದು ಚಿಕ್ಕವ್ವ ಅಂದದ್ದನ್ನು ಓಣಿಯೆಲ್ಲ ಕೇಳಿತು.

ಹೆಂಡತಿ ಆವತ್ತಿನಿಂದ ಸಾರಿನ ಪುಡಿ ಕುಟ್ಟುವುದನ್ನು ನಿಲ್ಲಿಸಿದಳು. ಏಳು ತಿಂಗಳಾಗಿತ್ತು, ಚೊಚ್ಚಲ ಹೆರಿಗೆಗೆ ಕುರುಗೋಡಿನ ತೌರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬರಬೇಕೆಂದು ಮಾವ ಹೇಳಿ ಕಳಿಸಿದರು. ಮಗಳು ಹುಟ್ಟಿದ್ದಾಳೆ, ಖುಷಿ ಮಾಡಬೇಡವೇ? ನಾನು ಹಿಂದಿನ ದಿನವೇ ಸಿರುಗುಪ್ಪಕ್ಕೆ ಹೋಗಿ ಹೊಳೆ ದಾಟಿ ಖುಷಿಮಾಡಿದೆ. ಖುಷಿ ಸಾಲದೆ ಒಂದು ಸೀಸೆಯಲ್ಲಿ ಕಟ್ಟಿಸಿಕೊಂಡು, ಬೆಳಿಗ್ಗೆ ಕುರುಗೋಡಿನ ಬಸ್ಸಿನಲ್ಲಿ ಅದನ್ನೂ ಮುಗಿಸಿದೆ.

ಅಲ್ಲಿ ಆದದ್ದನ್ನು ಆಮೇಲೆ ಊರಿನವರ ಬಾಯಿಂದ ಕೇಳಿದೆ. ಶಾಸ್ತ್ರಕ್ಕೆ ಅರ್ಧ ಕುರುಗೋಡು ಸೇರಿತ್ತು. ನಾನು ಒಳಗೆ ಬಂದು ಮಾವನಿಗೆ 'ಮಾಮಗಾರು' ಎಂದು ಅಡ್ಡಬಿದ್ದೆ. ಹಾಡು ಹೇಳುವ ಹೆಂಗಸರಿಗೆಲ್ಲ ಕೂರಲು ಹೇಳಿದೆ. ಕೂತಿದ್ದವರನ್ನು ಎಬ್ಬಿಸಿ ಮತ್ತೆ ಕೂರಲು ಹೇಳಿದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು, ಅದಕ್ಕೂ "ಅಮ್ಮಾ, ಮೀರು ಎಪ್ಪುಡು ವಚ್ಚಾರಂಡಿ?" ಅಂದು, ಮಣೆ ಇದೆಯೆಂದುಕೊಂಡು ಮಣೆಯಿಲ್ಲದ ಕಡೆ ಕೂತೆ. ಕೂಸನ್ನು ಹಿಡಿದುಕೊಂಡೇ ಹಿಂದಕ್ಕೆ ಬಿದ್ದೆ. ನಗು ಅಲ್ಲಿಗೆ ನಿಂತಿತಂತೆ. ಕೂಸು ನನ್ನ ಎದೆಯ ಮೇಲೆಯೇ ಇತ್ತು, ಏನೂ ಆಗಲಿಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡಿದಳು. ಕೂಸನ್ನು ಒಳಗೇ ಬಿಟ್ಟು ಬಂದಿದ್ದಳು.

"ನನಗ ಅಂದದ್ದು, ನನಗ ಮಾಡಿದ್ದು ಎಲ್ಲಾ ನುಂಗೀನಿ. ಕೂಸಿನ ತಲಿ ನೆಲಕ್ಕ ಬಡಿದಿದ್ರ ಏನ್ ಮಾಡ್ತಿದ್ರಿ? ತೆಲುಗಿನ್ಯಾಗ ಅಳತಿದ್ರೇನು?"

ಮಾವ ಹಿಂದಿನಿಂದ ಬಂದು ತೀರ್ಮಾನ ಹೇಳಿದರು. "ಬಾಣಂತಿನ್ನ ಐದನೇ ತಿಂಗಳಿಗೆ ಕಳಸೋದು ನಮ್ಮ ಪದ್ಧತಿ. ಅಷ್ಟರಾಗ ನೀವು ಬಿಟ್ರ ಮಗಳು ಮೊಮ್ಮಗಳು ಇಬ್ಬರನ್ನೂ ಉಡಿತುಂಬಿ ಕಳಸತೀನಿ. ಬಿಡಲಿಲ್ಲಂದ್ರ ಇಲ್ಲೇ ಇರತಾರ. ನಮಗೇನು ಅವರು ಭಾರ ಅಲ್ಲ." ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯ ನನಗೆ 'ನೀವು' ಅನ್ನುವುದನ್ನು ಆಗಲೂ ಬಿಡಲಿಲ್ಲ.

ಬಿಟ್ಟೆ. ಬಿಟ್ಟೆ ಅನ್ನುವುದು ಎರಡಕ್ಷರ, ಅದನ್ನು ಮಾಡಿ ನೋಡಿ ಗೊತ್ತಾಗುತ್ತದೆ! ಮೊದಲ ಹತ್ತು ದಿನ ಬೆರಳು ನಡುಗಿ ಮೊಳೆಗಳು ನೆಲಕ್ಕೆ ಸುರಿದವು. ಬೆವರು ಕಿತ್ತುಕೊಂಡು ಬರುತ್ತಿತ್ತು. ಸಂಜೆ ಐದು ಹೊಡೆಯಿತೆಂದರೆ ಕಾಲುಗಳು ನನ್ನನ್ನು ಕೇಳದೆ ಕೌಲ್ ಬಜಾರಿನ ಕಡೆಗೆ ತಿರುಗುತ್ತಿದ್ದವು. ಅವಕ್ಕೆ ಬುದ್ಧಿ ಹೇಳಿ ಮನೆ ಕಡೆ ತಿರುಗಿಸಿದರೆ, ಮನೆಯಲ್ಲಿ ಯಾರಿದ್ದಾರೆ?

ಈ ಐದು ಗಂಟೆಯ ಕಷ್ಟವನ್ನು ಕಂಡುಹಿಡಿದವರು ನಮ್ಮ ಪ್ರೆಸ್ಸಿನ ಫೋರ್‌ಮನ್. ಅರವತ್ತರ ಮುದುಕರು, ಖಾದಿ ಟೋಪಿ, ಕುಡಿತದ ಕಡು ವೈರಿ. ಆದರೆ ನಶ್ಯ ಏರಿಸುವುದರಲ್ಲಿ ಅವರನ್ನು ಮೀರಿಸುವವರು ಬಳ್ಳಾರಿಯಲ್ಲಿ ಇರಲಿಲ್ಲ. ದುಶ್ಚಟಗಳ ಮೇಲೆ ಭಾಷಣ ಮಾಡುವಾಗಲೂ ಮಾತಿಗೊಂದು ಚಿಟಿಕೆ ಮೂಗಿಗೆ ಹೋಗಬೇಕು. "ನಶ್ಯ ಚಟ ಅಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ಇದು ಮೂಗಿಗೆ ಲೇ, ಬಾಯಿಗಲ್ಲ" ಎಂದು ಗದರಿಸಿದ್ದರು. ಮೂವತ್ತು ವರ್ಷದ ನಶ್ಯದಿಂದ ಅವರ ಮೂಗಿಗೆ ವಾಸನೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಸೀಮೆಎಣ್ಣೆ ಚೆಲ್ಲಿದರೂ ನಾವು ಹೇಳಬೇಕಿತ್ತು.

ಅವರು ಕುಡಿತದ ಕೇಡಿನ ಮೇಲೆ ತಾವೇ ಒಂದು ನಾಟಕ ಬರೆದಿದ್ದರು. ಸರಿಯಾಗಿ ಐದು ಗಂಟೆಗೆ ಪ್ರೆಸ್ಸಿನ ಹಿತ್ತಿಲಲ್ಲಿ ತಾಲೀಮು. "ಐದಕ್ಕ ನನ್ನ ಕಣ್ಮುಂದ ಇರು. ಏಳಕ್ಕ ಬಿಡತೀನಿ. ಅಷ್ಟೊತ್ತಿಗೆ ನಿನ್ನ ದೆವ್ವ ಇಳಿದಿರತೈತಿ" ಎಂದು ನನ್ನನ್ನು ಎಳೆದುಕೊಂಡು ಹೋದರು. ಕುಡುಕನ ಪಾತ್ರ ಮಾಡುವುದಕ್ಕೆ ಮಾನವಂತರು ಯಾರೂ ಒಪ್ಪಿರಲಿಲ್ಲ. ಅದು ನನ್ನ ಪಾಲಿಗೆ ಬಂತು.

ಆದರೆ ಒಂದು ಪೇಚು. ಕುಡುಕ ಹೇಗಿರುತ್ತಾನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನನ್ನು ನಾನು ನೋಡಿಕೊಂಡಿದ್ದರಲ್ಲವೇ! ಜೊತೆಯ ಕುಡುಕರನ್ನು ನೋಡುವ ಹೊತ್ತಿಗೆ ನನಗೂ ಕಣ್ಣು ಮಂಜಾಗಿರುತ್ತಿತ್ತು. ಕಡೆಗೆ, ಹುಟ್ಟಿದಾಗಿನಿಂದ ಮಜ್ಜಿಗೆ ಬಿಟ್ಟು ಬೇರೇನೂ ಕುಡಿಯದ ಫೋರ್‌ಮನ್ನರು, ನಾಲ್ಕು ವರ್ಷ ಕುಡಿದ ನನಗೆ ಕುಡುಕನಾಗುವುದನ್ನು ಕಲಿಸಿದರು. "ಎಡಕ್ಕ ಎರಡು ಹೆಜ್ಜಿ, ಬಲಕ್ಕ ಒಂದು. ನಾಲಿಗಿ ಹೊರಳಬಾರದು. ಕಣ್ಣ ಅರ್ಧ ಮುಚ್ಚಲೇ! ನಿನಗೇನು ಕುಡುದು ಗೊತ್ತಿಲ್ಲೇನು?" ನಾನು ತೂರಾಡುವುದನ್ನು ಶ್ರದ್ಧೆಯಿಂದ ಕಲಿತೆ.

ಮೂರನೆಯ ಅಂಕದಲ್ಲಿ ಕುಡುಕನಿಗೆ ಒಂದು ತೆಲುಗು ಪದ್ಯ ಇಟ್ಟಿದ್ದರು. ಬಳ್ಳಾರಿ ಕಡೆ ನಾಟಕಗಳಲ್ಲಿ ಇದು ರೂಢಿ. ನೋಡುವವರಲ್ಲಿ ಅರ್ಧ ಜನ ತೆಲುಗು ಮನೆಮಾತಿನವರು. "ಒಂದರ ತೆಲುಗು ಪದ್ಯ ಇಲ್ಲಂದ್ರ ಒಬ್ಬ ನನಮಗನೂ ಒನ್ಸ್ ಮೋರ್ ಅನ್ನಂಗಿಲ್ಲ" ಎಂದು ಫೋರ್‌ಮನ್ನರ ವಾದ. ಎಚ್ಚರದಲ್ಲಿದ್ದ ನನಗೆ ಆ ನಾಲ್ಕು ಸಾಲು ಬಾಯಿಪಾಠ ಮಾಡುವುದಕ್ಕೆ ಒಂದು ತಿಂಗಳು ಹಿಡಿಯಿತು. ಕನ್ನಡ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು, ಕುಡುಕನ ಹರಕು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಒಂದು ವಿಷಯ ಮುಚ್ಚಿಟ್ಟರೆ ಈ ಬರವಣಿಗೆಗೇ ಅರ್ಥವಿಲ್ಲ. ಮೂರನೆಯ ತಿಂಗಳಲ್ಲಿ ಒಮ್ಮೆ ಜಾರಿದೆ. ಒಂದು ಭಾನುವಾರ ತಾಲೀಮು ಇರಲಿಲ್ಲ. ಚಿಕ್ಕವ್ವನಿಗೆ ನಿಜಕ್ಕೂ ಜ್ವರ ಬಂದಿದೆ ಎಂದು ಸುದ್ದಿ ಬಂತು. ನಿಜವಾಗಿಯೂ ಅವಳನ್ನು ನೋಡುವುದಕ್ಕೇ ಸಿರುಗುಪ್ಪಕ್ಕೆ ಹೋದೆ. ಬಸ್ಸಿಳಿದ ಮೇಲೆ ಕಾಲುಗಳು ಹೊಳೆಯ ಕಡೆ ಹೋದವು. ಹರಿಗೋಲಿನ ಮುದುಕ, "ಯಾಕ್ರೆಪಾ, ಭಾಳ ದಿನಾತು ಕಾಣಲಿಲ್ಲ, ಮೈಯಾಗ ಆರಾಮ ಇದ್ದಿಲ್ಲೇನು?" ಅಂದ. ಬರುವಾಗ ಮಲಗಿಕೊಂಡೇ ಬಂದೆ. ಚಿಕ್ಕವ್ವನ ಮನೆಗೆ ಹೋಗಿ ಅವಳ ಎಮ್ಮೆಯ ಕ್ಷೇಮಸಮಾಚಾರ ವಿಚಾರಿಸಿ, ಅದರ ಕೊರಳು ತಬ್ಬಿಕೊಂಡು ಅತ್ತೆನಂತೆ. ಬೆಳಿಗ್ಗೆ ಎದ್ದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಜ್ವರದಲ್ಲೇ ಗಂಜಿ ಕಾಯಿಸಿ ಕೊಟ್ಟ ಚಿಕ್ಕವ್ವ, "ಯಾರಿಗೂ ಹೇಳಂಗಿಲ್ಲ ತಗಾ" ಅಂದಳು. ಅದೇ ಕಡೆ. ಅಲ್ಲಿಂದ ಮುಂದೆ ಒಂದು ಹನಿ ಮುಟ್ಟಲಿಲ್ಲ.

ಐದನೆಯ ತಿಂಗಳು ಬಂತು. ಮಾವನಿಗೆ ಹೇಗೆ ಮುಖ ತೋರಿಸುವುದು ಎಂದು ನಾನು ಕಂಗಾಲಾಗಿದ್ದರೆ, ಫೋರ್‌ಮನ್ನರು ಒಂದು ದಿನ ಹಿಗ್ಗಿಕೊಂಡು ಬಂದರು. "ನಮ್ಮ ನಾಟಕಕ್ಕ ಮೊದಲ ಕರೆ ಬಂದೈತಿ. ಎಲ್ಲಿಂದ ಹೇಳು? ನಿನ್ನ ಮಾವನ ಊರಿಂದ!" ಹೆಂಗಸರೂ ನೋಡಲಿ ಎಂದು ಭಾನುವಾರ ಮಧ್ಯಾಹ್ನವೇ ಆಟ ಇಟ್ಟಿದ್ದರು. ಕುರುಗೋಡಿನ ಸಂತೆ ಕಟ್ಟೆಯೇ ರಂಗ, ಎರಡು ಜಮಖಾನೆ ಕಟ್ಟಿ ಪರದೆ. ಸಂದಿಯಿಂದ ಇಣುಕಿದೆ. ಎದುರು ಸಾಲಿನಲ್ಲಿ ಮಾವ, ಪಕ್ಕದಲ್ಲಿ ಹೆಂಡತಿಯ ಅಣ್ಣ. ಹೆಂಗಸರ ಕಡೆಯ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ತೊಡೆಯ ಮೇಲೆ ಕೂಸು. ಕೂಸು ಕೂರುವಷ್ಟು ದೊಡ್ಡದಾಗಿತ್ತು. ನನಗೆ ಅಳು ಬಂದುಬಿಟ್ಟಿತು.

ಮೊದಲ ಎರಡು ಅಂಕ ಚೆನ್ನಾಗಿಯೇ ನಡೆದವು. ನನ್ನ ನಾಟಕದ ಹೆಂಡತಿ ನಮ್ಮ ಪ್ರೆಸ್ಸಿನ ಮಿಷನ್ ತುಳಿಯುವವನು, ಮೀಸೆ ಬೋಳಿಸಿಕೊಂಡು ಸೀರೆ ಉಟ್ಟಿದ್ದ. ಮೂರನೆಯ ಅಂಕದಲ್ಲಿ ನಾನು ಸೀಸೆ ಎತ್ತಿ ಗಟಗಟ ಕುಡಿದು, ಆ ತೆಲುಗು ಪದ್ಯ ಹೇಳಬೇಕು. ತಾಲೀಮಿನಲ್ಲಿ ಸೋಡಾ ಸೀಸೆ ಇರುತ್ತಿತ್ತು. ಆವತ್ತು ಫೋರ್‌ಮನ್ನರು ನೈಜವಾಗಿರಲಿ ಎಂದು ಯಾರದೋ ಅಟ್ಟದಿಂದ ಹಳೆಯ ಸಾರಾಯಿ ಸೀಸೆಯನ್ನೇ ತಂದು, ಬೆಲ್ಲದ ನೀರು ತುಂಬಿಸಿದ್ದರು. ತೊಳೆದಿರಲಿಲ್ಲ. ತಳದಲ್ಲಿ ಒಂದೆರಡು ಗುಟುಕು ಹಳೆಯ ಮಾಲು ಹಾಗೇ ಇತ್ತು. ನಶ್ಯದ ಮೂಗಿಗೆ ಅದು ಹೇಗೆ ತಿಳಿಯಬೇಕು?

ಸೀಸೆ ಬಾಯಿಗೆ ಇಟ್ಟೆ. ಆ ವಾಸನೆ! ಮೈಯೆಲ್ಲ ಗುರುತು ಹಿಡಿದುಬಿಟ್ಟಿತು. ಒಂದು ಗುಟುಕು ಬಾಯಿಯೊಳಗೆ ಹೋಗಿತ್ತು. ನುಂಗು, ನುಂಗು ಎಂದು ಗಂಟಲು ಬೇಡಿಕೊಂಡಿತು. ಯಾರಿಗೆ ಗೊತ್ತಾಗುತ್ತದೆ? ಎಲ್ಲರ ಎದುರಿಗೇ ಕುಡಿದರೂ ನಾಟಕ ಅನ್ನುತ್ತಾರೆ. ಇಂಥ ಸಂದರ್ಭ ಕುಡುಕನ ಬಾಳಿನಲ್ಲಿ ಒಂದೇ ಸಲ ಬರುವುದು. ಅಷ್ಟರಲ್ಲಿ ಕೂಸು ಕೇಕೆ ಹಾಕಿತು. ನಾನು ಫೂ ಎಂದು ಅಷ್ಟನ್ನೂ ಎದುರಿಗಿದ್ದ ನಾಟಕದ ಹೆಂಡತಿಯ ಮೇಲೆ ಉಗಿದೆ. ಅವನು ನಿಜವಾಗಿ ಬೈದ. ಜನ ಚಪ್ಪಾಳೆ ಹೊಡೆದರು.

ಆ ಗಾಬರಿಯಲ್ಲಿ ಪದ್ಯ ಹಾರಿಹೋಯಿತು. ಪರದೆಯ ಹಿಂದಿನಿಂದ ಫೋರ್‌ಮನ್ನರು ಮೊದಲ ಶಬ್ದ ಹೇಳಿಕೊಡುತ್ತಿದ್ದಾರೆ, ನಡುವೆ ಸೀನುತ್ತಿದ್ದಾರೆ, ನನಗೆ ಒಂದೂ ಹತ್ತುತ್ತಿಲ್ಲ. ಜೇಬಿನಲ್ಲಿ ಚೀಟಿ ಇದೆ ಅನ್ನುವುದೂ ಹೊಳೆಯಲಿಲ್ಲ. ಸುಮ್ಮನೆ ಎಡಕ್ಕೆ ಎರಡು, ಬಲಕ್ಕೆ ಒಂದು ಹೆಜ್ಜೆ ಹಾಕುತ್ತಾ ತೂರಾಡಿದೆ. ಹೆದರಿಕೆಗೆ ಕಾಲುಗಳು ತಾವೇ ನಡುಗುತ್ತಿದ್ದವು, ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಅಷ್ಟು ಒಳ್ಳೆಯ ಕುಡುಕನ ಅಭಿನಯ ಕುರುಗೋಡು ಅಲ್ಲಿಯವರೆಗೆ ನೋಡಿರಲಿಲ್ಲ.

ಹೆಂಡತಿಯ ಅಣ್ಣ ಧಡಕ್ಕನೆ ಎದ್ದು ಕಟ್ಟೆ ಹತ್ತಿದ. ನನ್ನ ಕೊರಳಪಟ್ಟಿ ಹಿಡಿದು ಬಾಯಿ ಮೂಸಿದ. "ಅಪ್ಪಾ! ಕುಡುದಾನ! ವಾಸನಿ ಹೊಡೀತೈತಿ!"

"ಇಲ್ಲ ಭಾವ, ದೇವರಾಣೆ, ನಾ ಕುಡುದಿಲ್ಲ!" ಅಂದೆ. ಕೇಡುಗಾಲ ಅಂದರೆ ನೋಡಿ, ನಾಟಕದಲ್ಲಿ ಕುಡುಕ ಮಾತುಮಾತಿಗೂ ಹೇಳುತ್ತಿದ್ದದ್ದು ಅದೇ ಮಾತು. ಜನ ಇದೂ ಆಟದ್ದೇ ಎಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಯಾರೋ ಸಿಳ್ಳೆ ಹಾಕಿದ. ಫೋರ್‌ಮನ್ನರು ಹೊರಗೆ ಬಂದು, "ಬೆಲ್ಲದ ನೀರ್ರೀ, ನಾನ ಕಲಸಿದ್ದು" ಎಂದು ಸೀಸೆಯನ್ನು ಮಾವನ ಮೂಗಿಗೆ ಹಿಡಿದರು. ಮಾವ ಮುಖ ತಿರುಗಿಸಿಕೊಂಡು, "ಬೆಲ್ಲ ಇಂಥಾ ವಾಸನಿ ಯಾವಾಗಿಂದ ಹೊಡೀತೈತ್ರಿ?" ಅಂದರು. ಆಗ ಜನರಿಗೆ ಇದು ನಾಟಕವಲ್ಲ ಎಂದು ತಿಳಿಯಿತು. ಮಾವ ನನ್ನ ಕಡೆ ನೋಡಿ, "ಅಳಿಯಂದಿರ, ನೀವಿನ್ನ ಬಳ್ಳಾರಿಗೆ ಹೋಗಿಬರ್ರಿ" ಅಂದರು. ಕೆಳಗೆ ಕೂತಿರುವ ಕೂಸು ಇನ್ನು ನನ್ನದಲ್ಲ ಎಂದು ನನಗೆ ಅರ್ಥವಾಯಿತು. ಹರಕು ಕೋಟು ಹಾಕಿಕೊಂಡು ಅಷ್ಟು ಜನರ ಎದುರಿಗೆ ಗೊಳೋ ಎಂದು ಅತ್ತೆ.

ನನ್ನ ಹೆಂಡತಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತಳು. ಗಂಡಸರ ಸಾಲಿನ ಎದುರಿಗೆ ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅಪ್ಪಾ, ತೊಟ್ಟಲದ ದಿನ ಇವರು ನಿನಗ ಏನಂತ ಕರದ್ರು?"

ಮಾವ ತಡವರಿಸಿದರು. "ಮಾಮಗಾರು ಅಂದ್ರು."

"ಈಗ ಅಣ್ಣಗ ಏನಂದ್ರು?"

"ಇಲ್ಲ ಭಾವ, ನಾ ಕುಡುದಿಲ್ಲ ಅಂದ್ರು."

"ಇವರು ಕುಡುದ್ರ ಕನ್ನಡ ಬರಂಗಿಲ್ಲ, ಇದು ಈ ಊರಿಗೆಲ್ಲಾ ಗೊತ್ತೈತಿ. ಅವತ್ತು ನಕ್ಕೋಂತ ಎಲ್ಲರೂ ಕೇಳೀರಿ. ಇವತ್ತು ಬಿಸಲಾಗ ಕುಂತು ಇಷ್ಟೊತ್ತು ನೋಡಿದ್ರಿ. ಒಂದ ಒಂದು ತೆಲುಗು ಮಾತು ಯಾರರ ಕೇಳೀರೇನು? ಹೇಳ್ರಿ!"

ಸಂತೆ ಕಟ್ಟೆ ಪೂರಾ ಯೋಚನೆಗೆ ಬಿತ್ತು. ಹಿಂದಿನಿಂದ ಒಬ್ಬ ಮುದುಕಿ, "ಇಲ್ಲಬೇ ಯವ್ವಾ. ಅವತ್ತು ನನಗ ನಾಲ್ಕು ಸಲ ಕೂರ್ಚೋಂಡಿ ಅಂದಿದ್ದ. ಇವತ್ತು ಒಂದ್ಸಲನೂ ಅನ್ನಲಿಲ್ಲ" ಎಂದು ಸಾಕ್ಷಿ ಹೇಳಿದಳು.

"ಮತ್ತ, ಕುಡುದಾಗ ಇವರು ಹಿಂಗ ತೂರಾಡತಿದ್ದಿಲ್ಲ. ಗ್ವಾಡಿಗೆ ಹತ್ತಿ ನೆಟ್ಟಗ ಕುಂದರತಿದ್ರು. ಇದನ್ನ ಯಾರೋ ಕುಡೀಲಾರದವರು ಕಲಿಸ್ಯಾರ" ಎಂದಳು. ಫೋರ್‌ಮನ್ನರು ಮೆಲ್ಲಗೆ ಪರದೆಯ ಹಿಂದೆ ಸರಿದರು. ಅವಳು ಕಟ್ಟೆಯ ಹತ್ತಿರ ಬಂದು ಕೂಸನ್ನು ನನ್ನ ಕೈಗೆ ಎತ್ತಿಕೊಟ್ಟಳು. ಭಾವ ನನ್ನ ಕೊರಳಪಟ್ಟಿ ಬಿಟ್ಟು, ಅದನ್ನು ಸರಿಮಾಡಿ, "ಆಟ ಮುಂದುವರಿಸ್ರಿ" ಅಂದ. ಉಳಿದ ಅಂಕವನ್ನು ನಾನು ಕೂಸನ್ನು ಎತ್ತಿಕೊಂಡೇ ಆಡಿದೆ. ಕಥೆಯಲ್ಲಿ ಕುಡುಕನಿಗೆ ಮಕ್ಕಳಿರಲಿಲ್ಲ, ಆದರೂ ಯಾರೂ ಕೇಳಲಿಲ್ಲ.

"ಪದ್ಯ ನುಂಗಿಬಿಟ್ಯಲ್ಲೋ, ಒನ್ಸ್ ಮೋರ್ ತಪ್ಪಿಸಿದ್ಯಲ್ಲೋ" ಎಂದು ಫೋರ್‌ಮನ್ನರು ಗೊಣಗುತ್ತಾ ಬಳ್ಳಾರಿಗೆ ಹೋದರು. ನಾನು ಮೂರು ದಿನ ಮಾವನ ಮನೆಯಲ್ಲಿ ಉಳಿದೆ. ಬೇರೆ ಬಟ್ಟೆ ತಂದಿರಲಿಲ್ಲ; ಅತ್ತೆ ಆ ಹರಕು ಕೋಟಿಗೆ ಅಂದವಾಗಿ ತೇಪೆ ಹಾಕಿಕೊಟ್ಟರು. ಆಮೇಲೆ ಅದು ನಾಟಕಕ್ಕೆ ಬಾರದೆ ಹೋಯಿತೆಂದು ಫೋರ್‌ಮನ್ನರಿಂದ ಇನ್ನೊಂದು ಬೈಗುಳ ತಿಂದೆ. ಬುಧವಾರ ಹೆಂಡತಿಯ ಉಡಿತುಂಬಿ, ಕೂಸಿನ ಹಣೆಗೆ ಕಾಡಿಗೆ ಇಟ್ಟು, ನಮ್ಮನ್ನು ಬಳ್ಳಾರಿಯ ಬಸ್ಸಿಗೆ ಹತ್ತಿಸಿದರು.

ಬಸ್ಸು ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ನಿನಗೊಂದು ಹೇಳಬೇಕು. ಮೂರನೇ ತಿಂಗಳಾಗ ಒಂದ್ಸಲ ಕುಡುದೆ."

"ಗೊತ್ತೈತಿ."

"ಯಾರು ಹೇಳಿದ್ರು?"

"ನಿಮ್ಮ ಚಿಕ್ಕವ್ವ ಹೇಳಿ ಕಳಿಸಿದ್ಲು. ಎಮ್ಮಿಗೆ ಅಂಡಿ ಅಂಡಿ ಅಂತ ಅತ್ರಂತ."

ಯಾರಿಗೂ ಹೇಳುವುದಿಲ್ಲ ಅಂದವಳು! ನಾನು ಹೆಂಡತಿಯ ಕಡೆ ತಿರುಗಿದೆ. "ಗೊತ್ತಿದ್ದೂ ಮೊನ್ನಿ ಎದ್ದು ನಿಂತ್ಯಾ?"

"ಒಮ್ಮೆ ಬಿದ್ದೀರಿ ಅಂತ ಗೊತ್ತಿತ್ತು. ಆಮ್ಯಾಲೆ ಎದ್ದೀರೋ ಇಲ್ಲೋ ಅದು ಗೊತ್ತಿದ್ದಿಲ್ಲ. ಅದಕ್ಕ ಮುಂದಿನ ಸಾಲಿನ್ಯಾಗ ಹೋಗಿ ಕುಂತೆ. ಬಳ್ಳಾರಿಗೆ ಹೊರಡಾಕ ಅಂತ ಕೂಸಿನ ಬಟ್ಟಿಯೆಲ್ಲಾ ಗಂಟು ಕಟ್ಟಿಟ್ಟು ಬಂದಿದ್ದೆ. ಆಟದಾಗ ನಾ ಬ್ಯಾರೆ ಏನೂ ಕೇಳಲಿಲ್ರಿ, ನಿಮ್ಮ ಬಾಯಾಗ ತೆಲುಗು ಬರತೈತೇನು ಅಂತ ಅದೊಂದನ್ನ ಕೇಳತಿದ್ದೆ. ಒಂದ ಶಬ್ದ ಬಂದಿದ್ರೂ ಎದ್ದು ಮನಿಗೆ ಹೋಗಿ ಗಂಟು ಬಿಚ್ಚತಿದ್ದೆ. ಆಮ್ಯಾಲೆ ನೀವು ತಲಿ ಕೆಳಗ ಮಾಡಿ ನಿಂತ್ರೂ ಬರತಿದ್ದಿಲ್ಲ."

ನನ್ನ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಚೀಟಿ ಅಲ್ಲೇ ಇತ್ತು. ನಾಲ್ಕು ಸಾಲು ತೆಲುಗು, ಒಂದು ತಿಂಗಳು ಬಾಯಿಪಾಠ ಮಾಡಿದ್ದು, ಅಂಚಿಗೆ ಫೋರ್‌ಮನ್ನರ ನಶ್ಯದ ಕಲೆ. ಆವತ್ತು ಕಟ್ಟೆಯ ಮೇಲೆ ಇದು ನೆನಪಿಗೆ ಬಂದಿದ್ದರೆ! ಕೈ ಹೊರಗೆ ತೆಗೆದೆನೋ ಇಲ್ಲವೋ, ಮಗಳು ಚೀಟಿಯನ್ನು ಕಸಿದುಕೊಂಡು ಬಾಯಿಗೆ ತುರುಕಿಕೊಂಡಳು.

"ಏನ್ರಿ ಅದು?" ಎಂದು ಹೆಂಡತಿ ಕೇಳಿದಳು.

"ಪ್ರೆಸ್ಸಿನ ಹಾಳಿ" ಅಂದೆ.

ಅವಳು ಕೂಸಿನ ಬಾಯಿಗೆ ಬೆರಳು ಹಾಕಿ ಎಳೆದಳು. ಅರ್ಧ ಹಾಳೆ ಕೈಗೆ ಬಂತು, ಇನ್ನರ್ಧ ಒಳಗೆ ಹೋಗಿತ್ತು. ಬಂದದ್ದನ್ನು ಬಿಚ್ಚಿ ನೋಡದೆ ಕಿಟಕಿಯಿಂದ ಹೊರಗೆ ಎಸೆದು, ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಗಟ್ಟಿ ಹಿಡ್ಕೊಳ್ರಿ" ಅಂದಳು. ಬಳ್ಳಾರಿಯ ಗುಡ್ಡ ಕಾಣುವ ತನಕ ಹಿಡಿದುಕೊಂಡೇ ಇದ್ದೆ.